ಎಲ್ವುಡ್ ಕಂಡ ಚಿತ್ರ

ನನ್ನ ಹೆಂಡತಿ ಆರ್ಡಿತ್ ಶಾಲೆಯ ಬಸ್ಸು ಓಡಿಸುತ್ತಾಳೆ. ನಮ್ಮೂರು ಬ್ರಿಗ್ಸ್‌ಡೇಲ್‌ನ ಸುತ್ತಲಿನ ಬೆಟ್ಟದ ತಿರುವುಗಳಲ್ಲಿ, ಹಿಮ ಬಿದ್ದ ಬೆಳಗುಗಳಲ್ಲೂ, ಅವಳ ಬಸ್ಸು ಎಲ್ಲಿಗೂ ತಾಗಿದ್ದಿಲ್ಲ. ಅಂಥವಳು ನಡುದಾರಿಯಲ್ಲಿ ಗಕ್ಕನೆ ಬ್ರೇಕ್ ಹಾಕಿದಳೆಂದರೆ ಒಂದೋ ಜಿಂಕೆ ಅಡ್ಡ ಬಂದಿರಬೇಕು, ಇಲ್ಲವೇ ಯಾರದೋ ಮನೆಯ ಮುಂದೆ ಕಸದ ಜೊತೆ ಹಳೆಯ ಟೀವಿ ಬಿದ್ದಿರಬೇಕು. ಜಿಂಕೆಯಾದರೆ ಹಾರ್ನ್ ಮಾಡುತ್ತಾಳೆ. ಟೀವಿಯಾದರೆ ಇಳಿಯುತ್ತಾಳೆ.

ಎಲ್ಲ ಹಳೆಯ ಟೀವಿಯೂ ಅವಳಿಗೆ ಬೇಡ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೊದಲ ಮೂರ್ನಾಲ್ಕು ವರ್ಷಗಳಲ್ಲಿ ತಯಾರಾದವು ಮಾತ್ರ ಬೇಕು. ಟೀವಿ ಎಂದರೆ ಹೇಗಿರಬೇಕು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ತಲೆಗೊಂದು ಥರ ಮಾಡಿದರು. ನಮ್ಮ ಮನೆಯ ನೆಲಮಾಳಿಗೆಗೆ ಇಳಿದರೆ ಒಂದಕ್ಕೆ ಹಡಗಿನ ಕಿಟಕಿಯಂಥ ದುಂಡು ಗಾಜು. ಇನ್ನೊಂದರ ಗಾಜು ಅಂಗೈಯಷ್ಟೇ ಅಗಲ, ಅದರ ಮುಂದೆ ಎಣ್ಣೆ ತುಂಬಿದ ಭೂತಗನ್ನಡಿ ಸಿಕ್ಕಿಸಿದ್ದಾರೆ. ನೇರ ಎದುರಿಗೆ ಕುಳಿತವನಿಗೆ ಪೂರ್ತಿ ಮುಖ ಕಾಣುತ್ತದೆ, ಪಕ್ಕದಲ್ಲಿ ಕುಳಿತವನಿಗೆ ಬರೀ ಮೂಗು. ಮತ್ತೊಂದರಲ್ಲಿ ಚಿತ್ರ ಅಂಗಾತ ಮಲಗಿರುತ್ತದೆ, ಮುಚ್ಚಳ ಎತ್ತಿ ಅದರೊಳಗಿನ ಕನ್ನಡಿಯಲ್ಲಿ ನೋಡಬೇಕು. ಅದರಲ್ಲಿ ಒಬ್ಬ ಅಜ್ಜಿ ಈರುಳ್ಳಿ ತುಂಬಿಸಿಟ್ಟಿದ್ದಳು. ಈಗಲೂ ಕಾದಾಗ ವಾಸನೆ ಬರುತ್ತದೆ.

ನಾನು ಮಾಂಸದ ಅಂಗಡಿಯವನು. ಈ ವಿನ್ಸ್ ಯುರ್ಕೋನಿಸ್ ಕಟ್ಟಿದ ಕೆಲ್ಬಾಸಿ ಸಾಸೇಜಿಗೆ ಈಸ್ಟರ್ ಹಬ್ಬದಲ್ಲಿ ರಸ್ತೆಯ ತಿರುವಿನವರೆಗೆ ಸಾಲು ನಿಲ್ಲುತ್ತದೆ. ಆದರೆ ಸ್ವಂತ ಮನೆಯಲ್ಲಿ ನನ್ನ ಫ್ರಿಜ್ಜಿಗೆ ಜಾಗವಿಲ್ಲ. ಒಂದು ವರ್ಷ ಬೇಸಿಗೆಯಲ್ಲಿ ಅದನ್ನು ಕಾರ್ ಶೆಡ್ಡಿಗೆ ಎತ್ತಂಗಡಿ ಮಾಡಿ ಅಲ್ಲೊಂದು ಟೀವಿ ಇಟ್ಟಳು. ಅದರ ಹಿಂದಿನ ಹಲಗೆ ಬಿಚ್ಚಿದಾಗ ಒಂದು ರಕೂನ್ ಸಂಸಾರ ಸಮೇತ ಹೊರಗೆ ಬಂತು. ನಾನು ಕಿರುಚಿದೆ. ಅವಳು, "ಮೆಲ್ಲಗೆ ವಿನ್ಸ್, ತಂತಿ ಕಚ್ಚಿಬಿಟ್ಟಾವು" ಎಂದಳು. ತಂತಿಯ ಚಿಂತೆ ಅವಳಿಗೆ, ಗಂಡನ ಕಾಲಿನದಲ್ಲ.

ಇಷ್ಟೆಲ್ಲ ಕೂಡಿಸಿದರೂ ಅವಳು ಹುಡುಕುತ್ತಿದ್ದುದು ಒಂದೇ ಒಂದು ಟೀವಿ. ಅದರ ಹೆಸರು ಹಾರ್ಬೆಕ್.

ಹಾರ್ಬೆಕ್ ನಮ್ಮೂರಿನದೇ. ಆ ಕಂಪನಿ ಮಾಡುತ್ತಿದ್ದುದು ಶವಪೆಟ್ಟಿಗೆ. ಕಲ್ಲಿದ್ದಲು ಗಣಿಗಳ ಊರಿನಲ್ಲಿ ಆ ವ್ಯಾಪಾರಕ್ಕೆ ಬರವಿರಲಿಲ್ಲ. ಯುದ್ಧ ಮುಗಿದ ಮೇಲೆ ಯಜಮಾನನ ತಲೆಗೆ ಏನು ಹೊಕ್ಕಿತೋ, ಇನ್ನು ಮುಂದೆ ಜನ ಸಾಯುವುದಕ್ಕಿಂತ ಟೀವಿ ನೋಡುವುದೇ ಹೆಚ್ಚು ಎಂದು ಲೆಕ್ಕ ಹಾಕಿ, ಫಿಲಡೆಲ್ಫಿಯಾದಿಂದ ಬಿಡಿಭಾಗ ತರಿಸಿ, ಅದೇ ಬಡಗಿಗಳ ಕೈಯಲ್ಲಿ ಟೀವಿ ಮಾಡಿಸಿದ. ಅಕ್ರೋಟ್ ಮರ, ದುಂಡು ಮೂಲೆಗಳು, ಮುಖ ಕಾಣುವಂಥ ಹೊಳಪು. ಎತ್ತಲು ಎರಡೂ ಪಕ್ಕಕ್ಕೆ ಹಿತ್ತಾಳೆಯ ಹಿಡಿ. ಆ ಹಿಡಿಗಳೂ ಶವಪೆಟ್ಟಿಗೆಯವೇ, ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಬಡಗಿಗಳ ಮೇಸ್ತ್ರಿ ಎಲ್ವುಡ್ ಡೆಂಗ್ಲರ್, ಆರ್ಡಿತ್‌ಳ ಅಪ್ಪ, ನನ್ನ ಮಾವ.

ಈಗ ತಮಾಷೆ ಕೇಳಿ. ನಮ್ಮ ಊರಿರುವುದು ಎರಡು ಬೆಟ್ಟಗಳ ನಡುವಿನ ಕುಣಿಯಲ್ಲಿ. ಫಿಲಡೆಲ್ಫಿಯಾದಿಂದ ಬರುವ ಟೀವಿ ಅಲೆ ಬೇರ್ ರಿಡ್ಜ್ ಬೆಟ್ಟದ ನೆತ್ತಿ ಸವರಿಕೊಂಡು ಹಾಗೇ ಮುಂದೆ ಹೋಗಿಬಿಡುತ್ತದೆ, ಕೆಳಗೆ ಇಳಿಯುವುದಿಲ್ಲ. ಟೀವಿ ಮಾಡುವ ಊರಿನಲ್ಲೇ ಟೀವಿ ಬರುತ್ತಿರಲಿಲ್ಲ! ಕಾರ್ಖಾನೆಯೊಳಗೆ ಪರೀಕ್ಷೆಗೆಂದು ಇಟ್ಟ ಯಂತ್ರವೊಂದು ಗೆರೆ, ವೃತ್ತಗಳನ್ನು ತೋರಿಸುತ್ತಿತ್ತು. ಅದು ಕಂಡರೆ ಪೆಟ್ಟಿಗೆ ಪಾಸು. ಪಾಸಾದದ್ದೆಲ್ಲ ಲಾರಿ ಹತ್ತಿ ನ್ಯೂಜೆರ್ಸಿಯ ಬಯಲಿಗೆ ಹೋಗುತ್ತಿತ್ತು. ಊರಿನವರಿಗೆ ತಾವು ಮಾಡುವ ಸಾಮಾನು ಏನು ಮಾಡುತ್ತದೆ ಎಂಬುದೇ ಗೊತ್ತಿರಲಿಲ್ಲ.

ಜನ ಕೇಳಿ ಕೇಳಿ ಸಾಕುಮಾಡಿದ್ದಕ್ಕೆ ನಲವತ್ತೊಂಬತ್ತರ ಮಾರ್ಚ್‌ನಲ್ಲಿ ಮಾವ ಒಂದು ಹಾರ್ಬೆಕ್ಕನ್ನು ಫೈರ್ ಸ್ಟೇಷನ್ನಿನ ಹಾಲಿಗೆ ಹೊತ್ತು ತಂದರು. ಊರಿಗೆ ಊರೇ ಬಂದು ಕೂತಿತು. ಗುಂಡಿ ತಿರುಗಿಸಿದರು. ಬರೀ ಬಿಳಿ ಚುಕ್ಕೆ, ಬರೀ ಸೊಂಯ್ ಸದ್ದು. ಎಷ್ಟು ತಿರುಗಿಸಿದರೂ ಅಷ್ಟೇ. ಹಿಂದಿನ ಸಾಲಿನಿಂದ ಚೆಸ್ಟರ್ ಮಜೈಕಾ, ಈಗ ನಮ್ಮೂರ ಮುದಿ ಕ್ಷೌರಿಕ, ಆಗ ಮೀಸೆ ಚಿಗುರಿದ ಹುಡುಗ, ಎದ್ದು ನಿಂತು, "ಹಾರ್ಬೆಕ್ಕಿನ ಆ ಪೆಟ್ಟಿಗೇಲಿ ಮಲಗಿದ್ರೂ ಏನೂ ಕಾಣಲ್ಲ, ಈ ಪೆಟ್ಟಿಗೆ ಮುಂದೆ ಕೂತ್ರೂ ಏನೂ ಕಾಣಲ್ಲ!" ಎಂದ. ಹಾಲ್ ಹಾರಿಹೋಗುವಂತೆ ನಗು.

ಮಾವ ನಗಲಿಲ್ಲ. "ಭಾನುವಾರ ಇದನ್ನ ಬೇರ್ ರಿಡ್ಜ್ ಮೇಲಕ್ಕೆ ತಗೊಂಡು ಹೋಗ್ತೀನಿ. ಎಲ್ರೂ ಬನ್ನಿ. ಚಿತ್ರ ಬರತ್ತೆ" ಎಂದರು. ಭಾನುವಾರ ಒಬ್ಬನೂ ಹೋಗಲಿಲ್ಲ. ಆರ್ಡಿತ್‌ಗೆ ಆಗ ಆರು ವರ್ಷ, ಮೈತುಂಬ ದಡಾರ. ಬ್ಯೂಲಾ, ಅಂದರೆ ನನ್ನ ಅತ್ತೆ, ಒಲೆಯಲ್ಲಿ ಬ್ರೆಡ್ ಇದೆ ಎಂದು ಮನೆಯಲ್ಲೇ ಉಳಿದರು. ಮಾವ ಒಬ್ಬರೇ ಟ್ರಕ್ಕಿನಲ್ಲಿ ಹೋಗುವುದನ್ನು ಮಗು ಕಿಟಕಿಯಿಂದ ನೋಡಿತು. ಬೆಟ್ಟದ ಮೇಲೆ ಗಣಿಗೆ ಗಾಳಿಯೂದುವ ಯಂತ್ರದ ಮನೆಯಿತ್ತು, ಅಲ್ಲಿಂದ ಕರೆಂಟು ಎಳೆದುಕೊಂಡರಂತೆ. ಸಂಜೆ ಬಂದವರೇ ಟೋಪಿ ಕೂಡ ತೆಗೆಯದೆ, "ಬಂತು. ಚಿತ್ರ ಬಂತು. ಒಬ್ಬಳು ಹೆಂಗಸು ಹಾಡ್ತಿದ್ಲು" ಎಂದರು.

ಯಾರೂ ನಂಬಲಿಲ್ಲ. ವರ್ಷ ತುಂಬುವುದರೊಳಗೆ ಕಂಪನಿ ಟೀವಿ ಬಿಟ್ಟು ಮತ್ತೆ ಶವಪೆಟ್ಟಿಗೆಗೆ ಮರಳಿತು, ಮಾವನೂ ಮರಳಿದರು. ಊರಿಗೆ ಮಾತ್ರ ಒಂದು ಹೊಸ ಮಾತು ಸಿಕ್ಕಿತು. ಯಾವನಾದರೂ ಕಾಡಿನಲ್ಲಿ ಹನ್ನೆರಡು ಕವಲಿನ ಕೊಂಬಿನ ಜಿಂಕೆ ನೋಡಿದೆ ಅಂದರೆ, ತೋಳುದ್ದದ ಮೀನು ಕೈ ಜಾರಿತು ಅಂದರೆ, "ಬಿಡಪ್ಪ, ಅದು ಎಲ್ವುಡ್ ಕಂಡ ಚಿತ್ರ" ಎನ್ನುವುದು. ಮುಂದೆ ಯಾರೋ ಬೇರ್ ರಿಡ್ಜ್ ಮೇಲೆ ದೊಡ್ಡ ಆಂಟೆನಾ ನಿಲ್ಲಿಸಿ ಊರಿಗೆಲ್ಲ ತಂತಿ ಎಳೆದು ಟೀವಿ ಬರುವ ಹಾಗೆ ಮಾಡಿದರು. ಆಗಲಾದರೂ ಮಾವನ ಮಾತು ನಿಜವಾಗಬೇಕಿತ್ತಲ್ಲವೇ? ಎಲ್ಲಿಯ ಮಾತು! ಚೆಸ್ಟರ್ ಕತ್ತರಿ ಆಡಿಸುತ್ತ, "ಬೆಟ್ಟದ ಮೇಲೆ ಚಿತ್ರ ಇತ್ತು ಕಣಪ್ಪ, ನಾನೆಲ್ಲಿ ಇಲ್ಲ ಅಂದೆ? ಎಲ್ವುಡ್ ಪೆಟ್ಟಿಗೇಲಿ ಇರಲಿಲ್ಲ" ಎಂದುಬಿಟ್ಟ. ಮಾವ ಸತ್ತದ್ದು ಆ ಮಾತು ಕೇಳಿಕೊಂಡೇ. ನನಗೆ ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆದ್ದರಿಂದ ಆರ್ಡಿತ್‌ಗೆ ಒಂದು ಹಾರ್ಬೆಕ್ ಬೇಕಿತ್ತು. ಅದನ್ನು ಬೇರ್ ರಿಡ್ಜ್ ಮೇಲಿಟ್ಟು ಚಿತ್ರ ತರಿಸಬೇಕಿತ್ತು. ಬಂದರೆ ಅವಳ ಅಪ್ಪ ಸತ್ಯವಂತ, ಬರದಿದ್ದರೆ ಊರು ಹೇಳಿದ್ದೇ ಸರಿ. ಆದರೆ ಹಾರ್ಬೆಕ್ ಎಲ್ಲಿದೆ? ಹಳೆಯ ಟೀವಿ ಕೂಡಿಸುವವರ ಬಳಗದಲ್ಲಿ ಅದನ್ನು ಕಣ್ಣಾರೆ ಕಂಡವರೇ ಇರಲಿಲ್ಲ. ಒಂದೂ ಉಳಿದಿಲ್ಲ ಎಂದೇ ಎಲ್ಲರ ತೀರ್ಮಾನ.

ಪ್ರತಿ ಮೇ ತಿಂಗಳಲ್ಲಿ ಬರ್ಕ್ಸ್ ಕೌಂಟಿಯ ಒಂದು ರೈತರ ಮಾರುಕಟ್ಟೆಯ ಬಯಲಿನಲ್ಲಿ ಈ ಬಳಗದ ಸಂತೆ ಸೇರುತ್ತದೆ. ಬೆಳಕು ಹರಿಯುವ ಹೊತ್ತಿಗೆಲ್ಲ ಟ್ರಕ್ಕುಗಳ ಹಿಂಬಾಗಿಲು ತೆರೆದುಕೊಂಡು, ದೊಡ್ಡ ದೊಡ್ಡ ಗಂಡಸರು ಟಾರ್ಚ್ ಹಿಡಿದು ಮೇಜುಗಳ ಅಡಿಯಲ್ಲಿ ತೆವಳುತ್ತಿರುತ್ತಾರೆ. ಆ ಸಂತೆಗೆ ಒಂದೇ ನಿಯಮ. ಯಾವುದೇ ಸಾಮಾನಿನ ಮೇಲೆ ಯಾರು ಕೈ ಇಟ್ಟರೋ ಮೊದಲ ಮಾತು ಅವರದು. ಅವರ ಕೈ ಇರುವವರೆಗೆ ಇನ್ನೊಬ್ಬ ಬೆಲೆ ಕೂಡ ಕೇಳುವಂತಿಲ್ಲ. ಕೈ ತೆಗೆದರೋ, ಪಕ್ಕದಲ್ಲಿ ಕಾದವನದು. ಈ ನಿಯಮದ ಮೇಲೆ ನಲವತ್ತು ವರ್ಷದ ಗೆಳೆತನಗಳು ಮುರಿದಿವೆ.

ಕಳೆದ ವರ್ಷದ ಸಂತೆಯಲ್ಲಿ ನಾನು ಕಾಫಿ ಕುಡಿಯುತ್ತ ಅವಳ ಹಿಂದೆ ನಡೆಯುತ್ತಿದ್ದೆ. ಒಂದು ತುಕ್ಕು ಹಿಡಿದ ಟ್ರಕ್ಕು, ಅದರ ಹಿಂಭಾಗದಲ್ಲಿ ಹಾಸಿಗೆ, ದೀಪ, ಮೀನು ಹಿಡಿಯುವ ಕೋಲು, ಹಳೆಯ ಕೌದಿ ಹೊದಿಸಿದ ಏನೋ ಒಂದು. ಕೌದಿಯ ಅಂಚಿನಿಂದ ಬೆರಳುದ್ದದ ಹಿತ್ತಾಳೆ ಇಣುಕುತ್ತಿತ್ತು. ನಾನು ನೋಡಿಯೂ ನೋಡಲಿಲ್ಲ. ಆರ್ಡಿತ್ ಮಾತಿನ ನಡುವೆ ನಿಂತುಬಿಟ್ಟಳು. ಮೆಲ್ಲಗೆ ಹೋಗಿ ಕೌದಿಯ ಕೆಳಗೆ ಕೈ ತೂರಿಸಿ ಆ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಅವಳ ಕಿವಿ ಕೆಂಪಾದವು.

"ವಿನ್ಸ್," ಎಂದಳು, ತುಟಿ ಅಲ್ಲಾಡಿಸದೆ, "ಇದು ಶವಪೆಟ್ಟಿಗೆ ಹಿಡಿ."

"ಹಾಗಾದ್ರೆ ಮುಟ್ಟಬೇಡ ಕಣೇ!"

"ಥೂ, ಮಂಕೇ! ಹಾರ್ಬೆಕ್! ಓಡು, ಈ ಟ್ರಕ್ಕಿನೋನು ಎಲ್ಲಿದಾನೆ ಹುಡುಕ್ಕೊಂಡ್ ಬಾ. ನಾನು ಕೈ ತೆಗೆಯಲ್ಲ."

ಕೌದಿ ಸರಿಸಿ ನೋಡಿದೆ. ದುಂಡು ಮೂಲೆ, ಧೂಳಿನಡಿಯಲ್ಲೂ ಹೊಳೆಯುವ ಅಕ್ರೋಟ್, ದುಂಡು ಗಾಜು. ನನ್ನ ಕಾಫಿ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಓಡಿದೆ, ನನ್ನ ವಯಸ್ಸಿನಲ್ಲಿ, ನನ್ನ ಹೊಟ್ಟೆ ಹೊತ್ತುಕೊಂಡು! ಟ್ರಕ್ಕಿನವನು ಎಲ್ಲೂ ಇಲ್ಲ. ತಿಂಡಿ ಸಾಲಿನಲ್ಲಿ ಇಲ್ಲ, ಶೌಚಾಲಯದಲ್ಲಿ ಇಲ್ಲ. ಸಂತೆ ನಡೆಸುವ ಹೋಮರ್ ಶೆಂಕ್ ಎಂಬ ಮುದುಕ ಕುರ್ಚಿ ಹಾಕಿಕೊಂಡು ಸಕ್ಕರೆ ಉದುರಿಸಿದ ಕರಿದ ತಿಂಡಿ ತಿನ್ನುತ್ತಿದ್ದ. "ಆ ಟ್ರಕ್ಕಿನೋನಾ? ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಕಡೆಯೋನು. ಸತ್ತ ಚಿಕ್ಕಮ್ಮನ ಮನೆ ಖಾಲಿ ಮಾಡ್ತಿದಾನಂತೆ. ಬರ್ತಾನೆ, ಎಲ್ಲಿ ಹೋಗ್ತಾನೆ" ಎಂದ.

ನಾನು ವಾಪಸು ಬರುವಷ್ಟರಲ್ಲಿ ಆರ್ಡಿತ್ ಪಕ್ಕದಲ್ಲಿ ಡ್ವೈಟ್ ಕಾರ್ನಿಶ್ ನಿಂತಿದ್ದ. ಬೇರೆ ಯಾರನ್ನಾದರೂ ತಡೆದುಕೊಳ್ಳಬಹುದಿತ್ತು. ಈ ಡ್ವೈಟ್ ಹತ್ತಿರ ಮೂರು ಮನೆ ತುಂಬುವಷ್ಟು ಟೀವಿಗಳಿವೆ. ಸಾಯುತ್ತಿರುವ ಸಂಗ್ರಾಹಕರ ಮಂಚದ ಪಕ್ಕ ಹೂಗುಚ್ಛ ಹಿಡಿದು ಮೊದಲು ಕೂರುವವನು ಇವನೇ. ಆಗತಾನೆ ಕೊಂಡ ಒಂದು ದೊಡ್ಡ ಪಿಕ್ಚರ್ ಟ್ಯೂಬನ್ನು ಹಸುಗೂಸಿನಂತೆ ಎರಡೂ ತೋಳಿನಲ್ಲಿ ಎದೆಗವಚಿಕೊಂಡಿದ್ದ. ಅವನಿಗೂ ಹಿತ್ತಾಳೆ ಕಂಡಿತ್ತು. ಸಂತೆಯ ರೂಢಿಯಂತೆ ಎರಡನೆಯವನಾಗಿ ನಿಂತುಬಿಟ್ಟಿದ್ದ.

"ಆರ್ಡಿತ್ ಅವರೇ, ನಾಲ್ಕನೇ ಸಾಲಲ್ಲಿ ಒಂದು ಕನ್ನಡಿ ಮುಚ್ಚಳದ್ದು ಬಂದಿದೆ. ಎಂಥಾ ಚೆನ್ನಾಗಿದೆ ಅಂತೀರಿ!"

"ನನ್ನ ಹತ್ರ ಇದೆ ಡ್ವೈಟ್. ಈರುಳ್ಳಿ ವಾಸನೆ ಸಮೇತ."

"ಕೈ ನೋವು ಬಂದಿರಬೇಕಲ್ಲ?"

"ಬಸ್ಸಿನ ಸ್ಟೇರಿಂಗ್ ಹಿಡಿಯೋ ಕೈ ಇದು. ನಿಮ್ಮ ಕೈ ನೋಡ್ಕೊಳ್ಳಿ, ಆ ಟ್ಯೂಬು ಹಗುರ ಇಲ್ಲ."

"ಅದ್ಸರಿ, ನೀವು ಬೆಳಿಗ್ಗೆಯಿಂದ ಶೌಚಕ್ಕೂ ಹೋಗಿಲ್ಲ ಅನ್ಸತ್ತೆ."

"ಗಂಡ ಪಕ್ಕದಲ್ಲಿದಾನೆ, ಮಾತು ನೋಡಿ ಆಡಿ" ಎಂದೆ ನಾನು. ಸುಮಾರು ಜನ ಸೇರಿದ್ದರು. ಹಾರ್ಬೆಕ್ ಎಂಬ ಮಾತು ಸಾಲಿನಿಂದ ಸಾಲಿಗೆ ಹಾರಿತ್ತು. ಯಾರೋ ನಮಗೂ ಒಂದು ಕುರ್ಚಿ ತಂದರು, ಆರ್ಡಿತ್ ಕೂರಲಿಲ್ಲ. ಹೋಮರ್ ಕೂಡ ತನ್ನ ತಟ್ಟೆ ಹಿಡಿದು ಬಂದು ನಿಂತ.

ಹಿಂದಿನ ರಾತ್ರಿ ಮಳೆ ಬಂದು ಜಲ್ಲಿ ಒದ್ದೆಯಾಗಿತ್ತು. ಡ್ವೈಟ್ ಕಾಲು ಬದಲಿಸಲು ಹೋಗಿ ಜಾರಿದ. ಪಿಕ್ಚರ್ ಟ್ಯೂಬಿನೊಳಗೆ ಗಾಳಿ ಇರುವುದಿಲ್ಲ. ಅದು ಒಡೆದರೆ ಬಾಂಬಿನಂತೆ ಸಿಡಿದು ಗಾಜು ಮುಖಕ್ಕೇ ಬರುತ್ತದೆ. ಅವನ ಮುಖ ಅದರ ಮೇಲೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಆರ್ಡಿತ್ ಎರಡೂ ಕೈ ಚಾಚಿ ಹಾರಿದ್ದಳು. ಒಂದು ಕೈ ಟ್ಯೂಬಿನ ಕೆಳಗೆ, ಇನ್ನೊಂದು ಅವನ ಕೊರಳ ಪಟ್ಟಿಗೆ. ಟ್ಯೂಬು ನೆಲಕ್ಕೆ ಗೇಣುದ್ದ ಇರುವಾಗ ನಿಂತಿತು. ಡ್ವೈಟ್ ಮಂಡಿಯೂರಿ ಅದನ್ನು ಮತ್ತೆ ಎದೆಗೆ ಅಪ್ಪಿಕೊಂಡು ಏದುಸಿರು ಬಿಡುತ್ತಿದ್ದ.

ಎಲ್ಲರ ಕಣ್ಣೂ ಹಿತ್ತಾಳೆ ಹಿಡಿಯ ಕಡೆ ಹೋಯಿತು. ಅದರ ಮೇಲೆ ಯಾರ ಕೈಯೂ ಇರಲಿಲ್ಲ.

ನಿಯಮ ನಿಯಮವೇ. ಈಗ ಹಕ್ಕು ಡ್ವೈಟ್‌ನದು. ಅದು ಆರ್ಡಿತ್‌ಗೂ ಗೊತ್ತು. ಅವಳ ಮುಖ ಸುಣ್ಣ ಬಳಿದಂತಾಗಿತ್ತು. ನಾನು ನುಗ್ಗಲು ಹೊರಟರೆ ಅವಳೇ ನನ್ನ ತೋಳು ಹಿಡಿದು, "ಬೇಡ ವಿನ್ಸ್. ಅವರ ಸರದಿ" ಎಂದಳು. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಎಷ್ಟು ಕೋಪ ಬಂತೋ ಅಷ್ಟೇ ಪ್ರೀತಿಯೂ ಬಂತು.

ಡ್ವೈಟ್ ಎದ್ದ. ಹಿಡಿಯ ಕಡೆ ನೋಡಿದ. ಕೈ ಚಾಚಬೇಕು, ಆದರೆ ಎರಡೂ ತೋಳಿನಲ್ಲಿ ಟ್ಯೂಬು. ಕೆಳಗಿಡೋಣವೆಂದರೆ ಇಳಿಜಾರು ಜಲ್ಲಿ. "ಇದನ್ನೊಂದು ನಿಮಿಷ ಹಿಡ್ಕೋ" ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನು ಎರಡೂ ಕೈಯನ್ನು ಜೇಬಿಗೆ ಇಳಿಸಿದ. ಅವನಾಚೆಯವನು ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಡ್ವೈಟ್ ಸುತ್ತ ತಿರುಗಿದ. ಅಷ್ಟೂ ಜನರ ಕೈಗಳು ಒಂದೊಂದಾಗಿ ಜೇಬಿಗೆ, ಬೆನ್ನ ಹಿಂದಕ್ಕೆ, ಕಂಕುಳಿಗೆ ಹೋದವು. ಕೊನೆಗೆ ಹೋಮರ್ ಕಡೆ ನೋಡಿದ. ಹೋಮರ್ ಸಕ್ಕರೆ ಮೆತ್ತಿದ ಬೆರಳುಗಳನ್ನು ಮೇಲೆತ್ತಿ ತೋರಿಸಿ, "ಕೈ ಅಂಟಂಟು ಕಣಯ್ಯ" ಎಂದ.

ಯಾರೂ ನಗಲಿಲ್ಲ. ಡ್ವೈಟ್ ಟ್ಯೂಬನ್ನು ಒಮ್ಮೆ, ಆರ್ಡಿತ್‌ಳನ್ನು ಒಮ್ಮೆ ನೋಡಿದ. ಆಮೇಲೆ ಮೂಗಿನಿಂದ ಒಂದು ಉಸಿರು ಬಿಟ್ಟು, "ಇಡಿ ತಾಯಿ, ನಿಮ್ಮ ಕೈ ಇಡಿ. ನನಗೂ ಒಂದೇ ಮುಖ ಇರೋದು, ಅದನ್ನ ಉಳಿಸಿದೀರಿ" ಎಂದ. ಆರ್ಡಿತ್ ಎರಡು ಹೆಜ್ಜೆ ನಡೆದು ಹಿಡಿಯ ಮೇಲೆ ಕೈ ಇಟ್ಟಳು. ಆಗ ಎದ್ದಿತು ನೋಡಿ ಕೂಗು! ಜೇಬಿನಲ್ಲಿದ್ದ ಕೈಗಳೆಲ್ಲ ಹೊರಬಂದು ಚಪ್ಪಾಳೆಯಾದವು. ಅಷ್ಟರಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದ ಟ್ರಕ್ಕಿನವನು ಈ ಗಲಾಟೆ ನೋಡಿ ಹೆದರಿ, "ಅದು ಹೊಲಿಗೆ ಮೆಷಿನ್ನಲ್ವಾ?" ಎಂದ. ಅವನು ಹೇಳಿದ ಬೆಲೆಗೆ ಅವಳು ಚೌಕಾಸಿ ಮಾಡಲಿಲ್ಲ.

ಮನೆಗೆ ತಂದು ಇಳಿಸಿದಾಗ ಅತ್ತೆ ಅಡುಗೆಮನೆಯಲ್ಲಿದ್ದರು. ಮಾವ ಸತ್ತ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ. ಪ್ರತಿ ಸಲ ಟೀವಿ ಬಂದಾಗಲೂ "ಇನ್ನೊಂದಾ?" ಎಂದು ಗೊಣಗುವವರು ಅವತ್ತು ಬರೀ ಹಿತ್ತಾಳೆ ಹಿಡಿ ನೋಡಿದರು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡರು, ಮತ್ತೆ ಹಿಟ್ಟು ನಾದಲು ತಿರುಗಿದರು. ಅವತ್ತಿನ ಬ್ರೆಡ್ ಕಲ್ಲಿನಂತಾಗಿತ್ತು.

ಅರ್ಧ ಶತಮಾನ ಮಲಗಿದ್ದ ಟೀವಿಯನ್ನು ತಂದ ತಕ್ಷಣ ಪ್ಲಗ್ಗಿಗೆ ಹಾಕಿದರೆ ಅದರ ಕಥೆ ಮುಗಿದಂತೆ. ಒಳಗಿನ ಮೇಣದ ಬತ್ತಿಯಂಥ ಬಿಡಿಭಾಗಗಳು ಒಣಗಿರುತ್ತವೆ, ಢಮ್ಮೆಂದು ಸಿಡಿದು ಅಕ್ಕಪಕ್ಕದವನ್ನೂ ಸುಡುತ್ತವೆ. ಅವನ್ನು ಒಂದೊಂದಾಗಿ ಬದಲಿಸಿ, ಕರೆಂಟನ್ನು ಹನಿ ಹನಿಯಾಗಿ ಕುಡಿಸಿ ಎಬ್ಬಿಸಬೇಕು. ಆರ್ಡಿತ್ ಬೇಸಿಗೆ ಕಳೆದಳು, ಚಳಿಗಾಲ ಕಳೆದಳು. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಹಾರ್ಬೆಕ್, ಮತ್ತೆ ಬಸ್ಸು, ಮತ್ತೆ ಹಾರ್ಬೆಕ್. ಮನೆ ತುಂಬ ಬೆಸುಗೆಯ ಹೊಗೆ. ಮಾರ್ಚ್‌ನ ಒಂದು ಸಂಜೆ ಕೆಳಗಿನಿಂದ ಕಿರುಚಿದಳು. ಸತ್ತಳೇ ಎಂದುಕೊಂಡು ಇಳಿದರೆ, ಆ ದುಂಡು ಗಾಜು ನೀಲಿ ಬಿಳುಪಾಗಿ ಹೊಳೆಯುತ್ತಿತ್ತು. ಬರೀ ಗೆರೆಗಳು, ಆದರೆ ಜೀವ ಬಂದಿತ್ತು. ನಾವಿಬ್ಬರೂ ಆ ನೆಲಮಾಳಿಗೆಯಲ್ಲಿ, ಅಷ್ಟು ಟೀವಿಗಳ ನಡುವೆ, ಮದುವೆಯ ದಿನ ಕುಣಿದ ಪೋಲ್ಕಾ ಕುಣಿದೆವು. ಒಂದಕ್ಕೆ ನನ್ನ ಸೊಂಟ ತಾಗಿತು, ಬೈಸಿಕೊಂಡೆ.

"ಈಗ ಕೇಬಲ್ ವೈರ್ ಸಿಕ್ಕಿಸು, ಚಿತ್ರ ಬರತ್ತಾ ನೋಡೋಣ" ಎಂದೆ.

"ಇಲ್ಲ. ಮೊದಲ ಚಿತ್ರ ಬೆಟ್ಟದ ಮೇಲೆ."

"ಊರೆಲ್ಲಾ ಕರ್ಕೊಂಡ್ ಹೋಗಿ ಆಮೇಲೆ ಬರಲಿಲ್ಲ ಅಂದ್ರೆ?"

"ಅಪ್ಪ ಮೊದಲೇ ಪರೀಕ್ಷೆ ಮಾಡ್ಕೊಂಡ್ ಹೋಗಿರಲಿಲ್ಲ."

ಇಂಥವಳ ಜೊತೆ ವಾದ ಮಾಡಿ ಏನು ಪ್ರಯೋಜನ? ಮರುದಿನ ನೇರ ಚೆಸ್ಟರ್‌ನ ಕ್ಷೌರದಂಗಡಿಗೆ ನಡೆದಳು. ಜನ ತುಂಬಿದ್ದಾಗಲೇ ಹೋದಳು.

"ಚೆಸ್ಟರ್ ಮಾಮ, ಏಪ್ರಿಲ್ ಮೊದಲನೇ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಮುಂದೆ ನನ್ನ ಬಸ್ಸು ನಿಂತಿರತ್ತೆ. ಬೇರ್ ರಿಡ್ಜಿಗೆ ಹೋಗ್ತೀವಿ. ಹಾರ್ಬೆಕ್ ತರ್ತೀನಿ."

ಚೆಸ್ಟರ್ ನೊರೆ ಹಚ್ಚುತ್ತಿದ್ದ ಬ್ರಷ್ ನಿಲ್ಲಿಸಿದ. "ನನಗೆ ಎಪ್ಪತ್ತು ತುಂಬ್ತಾ ಬಂತು ಕಣಮ್ಮ. ಬೆಟ್ಟದ ಮೇಲೆ ಗಾಳಿ. ಬರೀ ಚುಕ್ಕೆ ನೋಡಕ್ಕೆ ನೆಗಡಿ ಬರಿಸ್ಕೊಳ್ಲಾ?"

"ಹೋದ್ಸಲ ಬರದೇ ಇದ್ದೋರೆಲ್ಲಾ ಬರ್ಬೇಕು. ಬರಲ್ಲ ಅಂದ್ರೆ ಇನ್ಮೇಲೆ ನಮ್ಮಪ್ಪನ ಹೆಸರು ಬಾಯಲ್ಲಿ ಬರಬಾರದು."

ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತವನು ಕೂಡ ಕನ್ನಡಿಯಲ್ಲಿ ಚೆಸ್ಟರ್‌ನನ್ನೇ ನೋಡಿದ. ಚೆಸ್ಟರ್, "ಬಸ್ಸಲ್ಲಿ ಹೀಟರ್ ಇದೆ ತಾನೇ?" ಎಂದ.

ಬಸ್ಸು ತುಂಬಿತು! ಮಕ್ಕಳ ಸೀಟಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಮುದುಕರು, ಮುದುಕಿಯರು, ಕೈಯಲ್ಲಿ ನನ್ನ ಕೆಲ್ಬಾಸಿಯ ಬ್ರೆಡ್, ಬಿಸಿ ಬಿಸಿ ಬೊಯ್ಲೋ ತುಂಬಿದ ಫ್ಲಾಸ್ಕು. ಜೇನು, ಕಿತ್ತಳೆ, ವಿಸ್ಕಿ ಕುದಿಸಿದ ಆ ವಾಸನೆಗೆ ಶಾಲೆಯ ಬಸ್ಸು ಮದುವೆ ಮನೆಯಂತಾಗಿತ್ತು. ಅತ್ತೆ ಬರುವುದಿಲ್ಲವೇನೋ ಎಂದುಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಬಂದು ಚಾಲಕಿಯ ಹಿಂದಿನ ಸೀಟಿನಲ್ಲಿ, ಚರ್ಚಿನ ಟೋಪಿ ಹಾಕಿಕೊಂಡು ಕೂತಿದ್ದರು. ಅವರ ಪಕ್ಕದ ಸೀಟಿನಲ್ಲಿ ಹಾರ್ಬೆಕ್, ಬೆಲ್ಟು ಕಟ್ಟಿಸಿಕೊಂಡು.

ಬೆಟ್ಟದ ನೆತ್ತಿಯಲ್ಲಿ ಕತ್ತರಿಸುವಂಥ ಗಾಳಿ. ಫೈರ್ ಸ್ಟೇಷನ್ನಿನವರು ಕೊಟ್ಟ ಜನರೇಟರ್ ದೂರದಲ್ಲಿ ಗುರುಗುಡುತ್ತಿತ್ತು. ಬಸ್ಸಿನ ಹಿಂಬಾಗಿಲು ತೆರೆದು ಅದರ ನೆರಳಿನಲ್ಲಿ ಒಂದು ಮೇಜು, ಮೇಜಿನ ಮೇಲೆ ಹಾರ್ಬೆಕ್, ಸುತ್ತ ಜನ. ಆಂಟೆನಾ ಹಿಡಿಯುವ ಕೆಲಸ ನನಗೆ. ಮೀನಿನ ಮೂಳೆಯಂಥ ಆಂಟೆನಾವನ್ನು ಉದ್ದದ ಕಂಬಕ್ಕೆ ಕಟ್ಟಿ, ಟೀವಿಯ ಹಿಂದೆ ಇಪ್ಪತ್ತು ಅಡಿ ದೂರದಲ್ಲಿ ನನ್ನನ್ನು ನಿಲ್ಲಿಸಿದರು. ನನಗೆ ಕಾಣುತ್ತಿದ್ದುದು ಪೆಟ್ಟಿಗೆಯ ಬೆನ್ನು ಮತ್ತು ಊರಿನವರ ಮುಖ ಮಾತ್ರ.

ಆರ್ಡಿತ್ ಗುಂಡಿ ತಿರುಗಿಸಿದಳು. ಕಾಯಬೇಕು, ಅದು ಕಾಯುವವರೆಗೆ. ಮೊದಲು ಸೊಂಯ್ ಸದ್ದು ಬಂತು. ಅವತ್ತು ಫೈರ್ ಸ್ಟೇಷನ್ನಿನಲ್ಲಿ ಬಂದ ಅದೇ ಸದ್ದು! ಮುಖಗಳ ಮೇಲೆ ಮಂಕು ಬೆಳಕು ಬಿತ್ತು.

"ಚುಕ್ಕೆ" ಎಂದ ಚೆಸ್ಟರ್.

"ವಿನ್ಸ್, ಎಡಕ್ಕೆ ತಿರುಗಿಸು!" ಆರ್ಡಿತ್ ಕೂಗಿದಳು.

ತಿರುಗಿಸಿದೆ. "ಬಂತಾ?"

"ಇಲ್ಲ! ಇನ್ನೂ ಎಡಕ್ಕೆ!"

"ಬಂತಾ?"

"ಇರು... ಹಾಂ... ಹೋಯ್ತು! ಹಿಂದಕ್ಕೆ ಬಾ! ಮೇಲಕ್ಕೆತ್ತು!"

ಎತ್ತಿದೆ. ದೇವರಾಣೆ, ಹಂದಿಗಳನ್ನು ಹೊತ್ತು ಬೆಳೆದ ಹೆಗಲು ನನ್ನದು, ಆದರೂ ನಡುಗಿತು. ಇದ್ದಕ್ಕಿದ್ದಂತೆ ಪೆಟ್ಟಿಗೆಯಿಂದ ಒಬ್ಬ ಗಂಡಸಿನ ದನಿ ಸ್ಪಷ್ಟವಾಗಿ ಹೊರಟಿತು. ಬೇಸ್‌ಬಾಲ್ ಆಟದ ವಿವರಣೆ. ಹಿಂದೆಯೇ ಜನಜಂಗುಳಿಯ ಗದ್ದಲ. "ಹಾಗೇ ನಿಲ್ಲು! ಅಲ್ಲಾಡ್ಬೇಡ!" ಎಂದು ಆರ್ಡಿತ್ ಚೀರಿದಳು, ಇನ್ನೊಂದು ಗುಂಡಿಗೆ ಕೈ ಹಾಕಿದಳು. ಉರುಳುತ್ತಿದ್ದ ಬೆಳಕು ಮುಖಗಳ ಮೇಲೆ ನಿಂತಿತು.

ಚಿತ್ರ ನನಗೆ ಕಾಣಲಿಲ್ಲ. ಆದರೆ ಐವತ್ತು ಮುಖಗಳು ಕಂಡವು. ಎಲ್ಲವೂ ಗಾಜಿನ ಕಡೆ ಬಾಗಿದವು. ಆಮೇಲೆ ಯಾರೋ, "ಅಯ್ಯೋ, ಓಡ್ತಿದಾನೆ ನೋಡ್ರೋ!" ಎಂದರು, ಬೆಟ್ಟವೇ ಬಿರಿದಂತೆ ಕೂಗೆದ್ದಿತು. ಮುದುಕರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಬೊಯ್ಲೋ ಚೆಲ್ಲಿತು. ನಾನು ಕಂಬ ಹಿಡಿದುಕೊಂಡೇ ಗಂಟಲು ಹರಿಯುವಂತೆ ಕೂಗಿದೆ. ಚೆಸ್ಟರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ, ಬಗ್ಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ, ಮತ್ತೆ ಕನ್ನಡಕ ತೆಗೆದ. ಟೋಪಿಯನ್ನೂ ತೆಗೆದ. ಆ ಗಾಳಿಯಲ್ಲಿ ಬೋಳು ತಲೆ ಬಿಟ್ಟುಕೊಂಡು ಆರ್ಡಿತ್ ಕಡೆ ತಿರುಗಿ, "ಬಂದಿತ್ತು ಕಣಮ್ಮ. ಅವತ್ತೂ ಬಂದಿತ್ತು" ಎಂದ.

ಆರ್ಡಿತ್ ಅಳುತ್ತಿದ್ದಳು, ನಗುತ್ತಿದ್ದಳು. ಅಮ್ಮನನ್ನು ಕೈಹಿಡಿದು ಮುಂದಕ್ಕೆ ತಂದು ಕುರ್ಚಿಯಲ್ಲಿ ಕೂರಿಸಿದಳು. "ನೋಡಮ್ಮ. ಅಪ್ಪ ಸುಳ್ಳು ಹೇಳಿರಲಿಲ್ಲ."

ಅತ್ತೆ ಬಹಳ ಹೊತ್ತು ನೋಡಿದರು. ಆ ಬೆಳಕಿನಲ್ಲಿ ಅವರ ಮುಖದ ಒಂದೊಂದು ಗೆರೆಯೂ ನನಗೆ ಕಾಣುತ್ತಿತ್ತು. ಯಾರಿಗೂ ಅಲ್ಲವೆಂಬಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಅವತ್ತು ಒಲೇಲಿ ಬ್ರೆಡ್ ಇರಲಿಲ್ಲ."

ಆರ್ಡಿತ್ ಟೀವಿಯ ಸದ್ದು ತಗ್ಗಿಸಿದಳು.

"ಊರೆಲ್ಲಾ ನಗೋವಾಗ ಅವರ ಪಕ್ಕ ನಿಂತ್ಕೊಳ್ಳಕ್ಕೆ ನಾಚಿಕೆ ಆಯ್ತು. ಅದಕ್ಕೇ ಬ್ರೆಡ್ ಇದೆ ಅಂದೆ. ಹೋಗ್ತಾ ಒಲೆ ಕಡೆ ನೋಡಿದ್ರು. ಒಲೆ ತಣ್ಣಗಿತ್ತು. ಏನೂ ಅನ್ನಲಿಲ್ಲ. ಸಂಜೆ ಬಂದು ಚಿತ್ರ ಬಂತು ಅಂದಿದ್ದು ಊರಿಗಲ್ಲ, ನನಗೆ."

ಆರ್ಡಿತ್ ಅಮ್ಮನ ಕಾಲ ಬಳಿ ಒದ್ದೆ ಹುಲ್ಲಿನ ಮೇಲೆ ಕುಳಿತುಬಿಟ್ಟಳು. ಅತ್ತೆ ಕೈಗವಸು ಕಳಚಿದರು. ಬರಿಗೈ ಚಾಚಿ ಹಿತ್ತಾಳೆಯ ಹಿಡಿಯ ಮೇಲೆ ಇಟ್ಟರು, ಇಟ್ಟ ಕೈ ತೆಗೆಯಲಿಲ್ಲ. ಆಟದಲ್ಲಿ ನಮ್ಮ ತಂಡ ಎಂದಿನಂತೆ ಸೋಲುತ್ತಿತ್ತಂತೆ, ಆದರೂ ಬಸ್ಸು ಹತ್ತೋಣ ಎಂದು ಯಾರೂ ಅನ್ನಲಿಲ್ಲ. ನನ್ನ ತೋಳು ಬಿದ್ದುಹೋಗುತ್ತಿತ್ತು. ಆರ್ಡಿತ್ ನನ್ನ ಕಡೆ ತಿರುಗಿ, "ಹಾಗೇ ಹಿಡ್ಕೊಂಡಿರು ವಿನ್ಸ್" ಎಂದಳು. ಅತ್ತೆ ಕೈ ತೆಗೆಯುವವರೆಗೂ ನಾನು ಅಲ್ಲಾಡಲಿಲ್ಲ.